ಕೆಮ್ಮಿ ತೋರಿಸಿದ ದಿನ

ಖಟ್, ಖಟಾಕ್. ಎಪ್ಪತ್ತರ ದಶಕದ ಕೊನೆಗೆ ಇಳಕಲ್‌ನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಆ ಸದ್ದಿನಿಂದ. ಅಂಥದೊಂದು ಬೆಳಗ್ಗೆ ಒಗ್ಗರಣೆಯ ಘಾಟಿಗೆ ಸೀನಿದೆ.

ಸೀರೆ ಒದ್ದೆಯಾಯಿತು.

ನನಗೆ ಮೂವತ್ನಾಲ್ಕು. ಮೂರು ಹೆರಿಗೆಯಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪೋಶ್ಚರ್, ಮ್ಯಾನರ್ಸ್ ಎಲ್ಲ ಕಲಿಸಿದ್ದರು. ಇದನ್ನು ಯಾರಿಗೆ, ಹೇಗೆ ಹೇಳಬೇಕೆಂದು ಮಾತ್ರ ಕಲಿಸಿರಲಿಲ್ಲ. ಹಳೆಯ ಸೀರೆ ಹರಿದು, ಮಡಚಿ ಇಟ್ಟುಕೊಂಡು ಎರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದೆ. ಒಂದು ದಿನ ಪ್ರೇಯರ್ ನಡೆದಾಗ ಕೆಮ್ಮು ಬಂತು. ಮುಂದಿನ ಸಾಲಿನ ಹುಡುಗಿಯರು ನೆಲ ನೋಡಿದರು.

ಅಂದೇ ರಾಜೀನಾಮೆ ಬರೆದಿಟ್ಟೆ. ಕೊಡುವ ಮೊದಲು ಬಾಗಲಕೋಟೆಯ ಲೇಡಿ ಡಾಕ್ಟರಿಗೆ ತೋರಿಸೋಣವೆಂದು ಹೊರಟೆ. ಆಪರೇಷನ್ ಆದರೆ ಕೆಲಸ ಉಳಿದೀತು ಎಂಬುದೊಂದೇ ಹೋಪ್.

ಜೊತೆಗೆ ಅತ್ತೆ ಬಂದರು. ಎಂದೂ ನಗದ ಹೆಂಗಸು. ಮದುವೆ ಮನೆಯಲ್ಲೂ ಬಾಗಿಲ ಹತ್ತಿರ ಕೂತು, ಎಲ್ಲರೂ ನಗುವಾಗ ತುಟಿ ಬಿಗಿ ಹಿಡಿಯುತ್ತಿದ್ದರು. ಇಂಗ್ಲಿಷ್ ಕಲಿತ ಸೊಸೆಯೆಂದರೆ ಅವರಿಗೆ ಆಗದು ಎಂದುಕೊಂಡಿದ್ದೆ.

ಯೂರಿನ್ ಟೆಸ್ಟ್‌ನಲ್ಲಿ ಇನ್‌ಫೆಕ್ಷನ್ ಇರಲಿಲ್ಲ. ಡಾಕ್ಟರ್ ನನ್ನನ್ನು ನಿಲ್ಲಿಸಿ ಕೆಮ್ಮಲು ಹೇಳಿದರು. ಕೆಮ್ಮಿದೆ. ಒಂದು ಹನಿಯೂ ಇಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರೆ?

ಪರದೆಯಾಚೆಯಿಂದ ಅತ್ತೆ ಅಂದರು, "ಮುಂಜಾನಿಂದ ನೀರ ಮುಟ್ಟಿಲ್ರಿ ಆಕಿ. ಹುನಗುಂದ ಸ್ಟ್ಯಾಂಡಿನ್ಯಾಗೂ ಇಳಿದು ಹೋಗಿಬಂದಾಳ."

ಡಾಕ್ಟರ್ ಹಣೆ ಚಚ್ಚಿಕೊಂಡರು. "ಖಾಲಿ ಕೊಡಾ ಹೊತ್ತು ತಂದು, ಸೋರತೈತೇನು ನೋಡ್ರಿ ಅಂದ್ರ ಹ್ಯಾಂಗ್ರಿ? ಕೆಮ್ಮಿದ ಕೂಡ್ಲೇ ಸೋರತೈತೋ, ಆಮ್ಯಾಲೋ, ನಾ ಕಣ್ಣಿಲೆ ನೋಡಬೇಕು. ತಿಳೀದ ಕತ್ತರಿ ಹಿಡಿಯಂಗಿಲ್ಲ ನಾ."

ಎರಡು ತಂಬಿಗೆ ನೀರು ಕುಡಿದೆ. ಒಂದು ತಾಸು ಕಾದು ಮತ್ತೆ ನಿಂತೆ. ಕೆಮ್ಮಿದೆ.

ಕಾಲಗುಂಟ ಇಳಿದು ನೆಲಕ್ಕೆ ಹರಿಯಿತು.

ಡಾಕ್ಟರ್ ಬರೆದುಕೊಂಡರು. ನಾನು ಅಳುತ್ತಿದ್ದೆ, ನಾಚಿಕೆಗಲ್ಲ, ಕೊನೆಗೂ ಒಬ್ಬರು ಕಂಡರಲ್ಲ ಎಂದು. ಆಗ ಪರದೆ ಸರಿಯಿತು. ಅತ್ತೆ ಆ ಒದ್ದೆ ನೆಲವನ್ನೇ ನೋಡುತ್ತಿದ್ದರು.

"ಇದು ಬ್ಯಾನೀ ಏನ್ರಿ, ಡಾಕ್ಟರಬಾಯಿ? ನನಗೂ ಹಿಂಗ ಆಗತೈತ್ರಿ. ಹಿರೇಮಗನ್ನ ಹಡದಾಗಿಂದ. ನಕ್ಕರ ಬರತೈತಿ."

ನಕ್ಕರೆ.

ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು.

ನನ್ನ ಆಪರೇಷನ್ ಆಯಿತು. ರಾಜೀನಾಮೆ ಹರಿದೆ. ಜೋರು ನೆಗಡಿಯಾದರೆ ಇಂದಿಗೂ ಅಂಜಿಕೆ; ಅಷ್ಟು ಬಿಟ್ಟರೆ ದೇವರ ದಯೆ. ಅತ್ತೆ ಮಾತ್ರ ಟೆಸ್ಟಿಗೆ ಒಪ್ಪಲೇ ಇಲ್ಲ. "ಈ ವಯಸ್ಸಿನ್ಯಾಗ ಯಾರ ಮುಂದ ನಿಂತು ಕೆಮ್ಮಲಿ?" ಅಂದುಬಿಟ್ಟರು.

ಮರುವರ್ಷ ಮಗಳ ಮನೆಗೆಂದು ಬಾದಾಮಿ ಬಸ್ ಹತ್ತಿದರು. ನಾನು ಹೊಲಿದುಕೊಟ್ಟ ಮೆತ್ತನೆಯ ಬಟ್ಟೆಗಳು ಚೀಲದಲ್ಲಿದ್ದವು. ಕಿಟಕಿಯ ಕೆಳಗೆ ನಿಂತು ಕೇಳಿದೆ, "ಖಾಲಿ ಕೊಡಾ ಹೊತ್ತು ಹೊಂಟೀರೇನ್ರಿ, ಅತ್ತಿ?"

"ನಗಿಸಬ್ಯಾಡವಾ, ಸೀಟು ಮಂದೀದು!" ಎಂದವರೇ ನಕ್ಕುಬಿಟ್ಟರು. ಬಾಯ್ತುಂಬ. ಬಸ್ ತಿರುಗುವವರೆಗೂ ನಗುತ್ತಲೇ ಇದ್ದರು.

ಮತ್ತೆ ನಾನು ಅವರನ್ನು ನೋಡಲಿಲ್ಲ.