ಆರನೆಯದಕ್ಕೂ ನೀರು ಮುಟ್ಟಿಸಿದ ವಾಲ್ವಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ವರ್ಕ್‌ಶಾಪಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಕೆನೆಬಣ್ಣದ ಹಳೆಯ ಕಾರೊಂದು ಬಾನೆಟ್ ತೆರೆದು ನಿಂತಿದೆ. ಅದರ ಮೇಲೆ ಬಾಗಿರುವ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದಾರೆ. ಕೈಯಲ್ಲಿ ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿ. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಿಯಲ್ಲಿ ಅದನ್ನು ತೂರಿಸಿ ಮೆಲ್ಲಗೆ ಎಳೆಯುತ್ತಾರೆ. ಸ್ಕ್ರೂವನ್ನು ಒಂದಿಷ್ಟೇ ತಿರುಗಿಸಿ ಮತ್ತೆ ಎಳೆಯುತ್ತಾರೆ. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡಬೇಕಾದ ಕೆಲಸ ಇದು. ಅದಕ್ಕೇ ಈ ಹೊತ್ತು.

“ಪಟ್ಟಿ ಸುಮ್ನೆ ಜಾರ್ಬಾರ್ದು, ಸಿಕ್ಕಿಹಾಕ್ಕೊಳ್ಳಲೂ ಬಾರ್ದು. ಮಲಗಿರೋ ಮಗು ಕೈಯಿಂದ ಆಟದ ಸಾಮಾನು ಬಿಡಿಸ್ಕೋತೀವಲ್ಲ, ಅಷ್ಟು ಬಿಗಿ ಇರ್ಬೇಕು,” ಎನ್ನುತ್ತಾರೆ ಕಣ್ಣು ತೆರೆಯದೆಯೇ.

ಹಳೆಯ ಕಾರುಗಳ ಹುಚ್ಚು ಹಿಡಿದವರೆಲ್ಲ ಇವರನ್ನು ಕರೆಯುವುದು ವಾಲ್ವಕ್ಕ ಎಂದು. ಇಂಜಿನ್ನಿನ ತಲೆಭಾಗ, ಅಂದರೆ ಹೆಡ್ಡು, ಇವರ ಕಸುಬು. ಕಾರಿನ ಪ್ರದರ್ಶನಗಳಲ್ಲಿ ಜನ ಮೈಬಣ್ಣ ನೋಡುತ್ತಾರೆ, ಚಕ್ರ ನೋಡುತ್ತಾರೆ, ಮಾಲೀಕನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಒಳಗಿನ ವಾಲ್ವುಗಳನ್ನು ಗಂಟೆಗಟ್ಟಲೆ ಉಜ್ಜಿ ಕೂರಿಸಿದ ಕೈ ಯಾವುದೆಂದು ಕೇಳುವವರಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರಿಗೆ ಊಟ ಕೊಡಲು ಇಲ್ಲಿಗೆ ಬರುತ್ತಿದ್ದರಂತೆ. ಒಂದು ದಿನ ಕಿರಿದಾದ ಸಂದಿಗೆ ಬಿದ್ದ ನಟ್ಟನ್ನು ಮಾವನ ದಪ್ಪ ಬೆರಳು ಎತ್ತಲಾರದೆ ಹೋಯಿತು. ಸೊಸೆ ಬಳೆ ತೆಗೆದಿಟ್ಟು ಕೈ ಹಾಕಿದರು. ಆ ಬಳೆ ಮತ್ತೆ ಕೈಗೇರಿದ್ದು ಮದುವೆ ಮುಂಜಿಗೆ ಹೋಗುವಾಗ ಮಾತ್ರ. ಮಾವ ಕಲಿಸಿದರು, ಗದರಿಸಿದರು, ಕೊನೆಗೆ ವರ್ಕ್‌ಶಾಪಿನ ಬೀಗದ ಕೈ ಕೊಟ್ಟರು. ಗಂಡ ಬಸ್ ಓಡಿಸುತ್ತಾರೆ. “ನಮ್ಮನೇಲಿ ಬಟ್ಟೆ ಮಸಿ ಮಾಡೋದು ಇವಳು, ಒಗೆಯೋದು ನಾನು,” ಎಂದು ನಗುತ್ತಾರೆ ಅವರು. ಮೊದಮೊದಲು ಗಿರಾಕಿಗಳು ಒಳಗೆ ಇಣುಕಿ, ಮೇಸ್ತ್ರಿ ಇಲ್ವಾ ಎಂದು ಕೇಳಿ ಹೊರಟುಹೋಗುತ್ತಿದ್ದರು. ನಾನೇ ಮೇಸ್ತ್ರಿ ಎಂದು ಹೇಳುವ ಧೈರ್ಯ ಬರಲು ವರ್ಷಗಳೇ ಹಿಡಿದವು ಎನ್ನುತ್ತಾರೆ ವಾಲ್ವಕ್ಕ. ಈಗ ಸಣ್ಣ ಇಂಜಿನ್ನಿನದಾದರೆ ದಿನಕ್ಕೊಂದು ಹೆಡ್ಡು ಸಿದ್ಧವಾಗುತ್ತದೆ. ಆರು ಸಿಲಿಂಡರಿನದಾದರೆ ಮೂರು ದಿನ ಬೇಕು. ಅವಸರ ಮಾಡಿದವರಿಗೆ ಬಾಗಿಲು ಅಲ್ಲೇ ಇದೆ.

ಇವತ್ತು ಎದುರಿಗಿರುವುದು ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಇಂಜಿನ್. ಕಾರು ಕನ್ನಡಕದಂಗಡಿಯವರದು, ಅವರ ತಂದೆ ಓಡಿಸುತ್ತಿದ್ದುದು. ಇದೇ ಕಂಪನಿಯ ಇನ್ನೊಂದು ಮಾದರಿ ಕೆಲವು ವರ್ಷಗಳ ನಂತರ ಬಂತು. ಅದರ ಇಂಜಿನ್ ದೊಡ್ಡದು, ಉಸಿರಾಟ ಧಾರಾಳ. ಹಳೆಯ ಕಾರಿನ ಗೆಳೆಯರ ಬಳಗದಲ್ಲಿ ಹಳೆಯದು ದೊಡ್ಡಮ್ಮ, ಹೊಸದು ಚಿಕ್ಕಮ್ಮ. ಯಾರು ಹೆಚ್ಚು ಎಂಬ ಜಗಳ ಭಾನುವಾರದ ಕಾಫಿಯ ಜೊತೆ ಶುರುವಾಗಿ ಲೋಟ ಒಣಗಿದ ಮೇಲೂ ಮುಗಿಯುವುದಿಲ್ಲ. ದೊಡ್ಡಮ್ಮನ ನಯ ಚಿಕ್ಕಮ್ಮನಿಗಿಲ್ಲ ಎಂದು ಒಬ್ಬರು, ನಯ ಇಟ್ಟುಕೊಂಡು ಗುಡ್ಡ ಹತ್ತೋಕಾಗುತ್ತಾ ಎಂದು ಇನ್ನೊಬ್ಬರು. ಆ ಇನ್ನೊಬ್ಬರು ಚಿಕ್ಕಮ್ಮನ ಮಾಲೀಕರು, ಎಲ್ಲರೂ ಅವರನ್ನು ಕರೆಯುವುದು ಮೀಸೆ ಎಂದು.

ಹೋದ ವರ್ಷ ಕನ್ನಡಕದವರು ಒಂದು ಹಟಕ್ಕೆ ಬಿದ್ದರು. ಚಿಕ್ಕಮ್ಮನ ಮಾದರಿಯ ಹೆಡ್ಡೊಂದನ್ನು ತಂದು ದೊಡ್ಡಮ್ಮನ ಇಂಜಿನ್ನಿನ ಮೇಲೆ ಕೂರಿಸಿ ಗುಡ್ಡ ಹತ್ತಿಸಬೇಕು. ಕೂರಿಸಿದವರು ವಾಲ್ವಕ್ಕ. ಬಳಗದ ವಾರ್ಷಿಕ ಗುಡ್ಡದ ಓಟದಲ್ಲಿ ಕಾರು ಅರ್ಧ ದಾರಿಗೆ ಹಬೆ ಕಾರಿ ನಿಂತಿತು. ಪಕ್ಕದಿಂದ ಮೀಸೆ ಹಾರ್ನ್ ಹೊಡೆದುಕೊಂಡು ಹೋದರು. ದೊಡ್ಡಮ್ಮ ಇನ್ನು ಮೊಮ್ಮಕ್ಕಳನ್ನ ಆಡಿಸ್ಕೊಂಡಿರ್ಲಿ ಎಂದರಂತೆ. ನೀರಿನ ಪಂಪು ಬದಲಾಯಿತು, ರೇಡಿಯೇಟರ್ ಬದಲಾಯಿತು. ಏರು ಸಿಕ್ಕಿದರೆ ಕಾರು ಮತ್ತೆ ಕುದಿಯಿತು. ಬೇಸತ್ತ ಕನ್ನಡಕದವರು ಒಂದು ಮಾತು ಹೇಳಿದರು: ಈ ವರ್ಷವೂ ನಿಂತರೆ ಈ ಇಂಜಿನ್ ಕಳಚಿ ಗುಜರಿಗೆ, ಅದರ ಜಾಗಕ್ಕೆ ನಾಲ್ಕು ಸಿಲಿಂಡರಿನ ಹೊಸದು. ಆ ಇಂಜಿನ್ನಿಗೆ ಮೊದಲು ಕೈಯಿಟ್ಟವರು ಮಾವನವರು. ಸೊಸೆ ಕೆಲಸ ಕಲಿತದ್ದೂ ಅದರ ಮೇಲೆಯೇ.

ವಾಲ್ವಕ್ಕ ಮತ್ತೆ ಹೆಡ್ಡು ಬಿಚ್ಚಿದರು. ಐದು ಸಿಲಿಂಡರು ಚೆನ್ನಾಗಿವೆ. ಪಂಪಿನಿಂದ ದೂರದ ಆರನೆಯದರ ಗೋಡೆಯಲ್ಲಿ ಮಾತ್ರ ಗೀರು ಬಿದ್ದಿದೆ. ಬೇರೆ ಬೇರೆ ಮಾದರಿಯ ಭಾಗಗಳನ್ನು ಜೋಡಿಸುವಾಗ ಮಾವನವರದೊಂದು ರೂಢಿಯಿತ್ತು. ಹೆಡ್ಡು ಕೂರುವ ಕೆಳಭಾಗ, ಅಂದರೆ ಬ್ಲಾಕಿನ ಮೇಲೆ ಕಾಗದ ಹಾಸಿ ಎಣ್ಣೆಮಸಿಯ ಹೆಬ್ಬೆರಳಿನಿಂದ ಉಜ್ಜಿ ಪ್ರತಿ ರಂಧ್ರದ ಅಚ್ಚು ತೆಗೆಯುವುದು, ಹೆಡ್ಡಿನದೂ ಹಾಗೆಯೇ, ಆಮೇಲೆ ಎರಡೂ ಕಾಗದಗಳ ಮಸಿಯ ಮುಖಗಳನ್ನು ಸೇರಿಸಿ ಕಿಟಕಿಯ ಗಾಜಿಗೆ ಹಿಡಿದು ನೋಡುವುದು. ಹೋದ ವರ್ಷ ಅದನ್ನು ಮಾಡಿರಲಿಲ್ಲ.

“ಬೋಲ್ಟೆಲ್ಲ ಬೆಣ್ಣೇಲಿ ಇಳಿದಂಗೆ ಇಳೀತು. ಎಲ್ರೂ ಚಪ್ಪಾಳೆ ತಟ್ಟಿದ್ರು. ಬೋಲ್ಟು ಕೂತ್ಮೇಲೆ ಇನ್ನೇನು ಅಂತ ನಾನೂ ಯಾಮಾರ್ದೆ.”

ಈ ಸಲ ಗಾಜಿಗೆ ಹಿಡಿದಾಗ ಮುಂದಿನ ರಂಧ್ರಗಳೆಲ್ಲ ಒಂದರ ಮೇಲೊಂದು ಕೂತವು. ಹಿಂದಿನ ಎರಡು ಕೂರಲಿಲ್ಲ. ಬ್ಲಾಕಿನಲ್ಲಿ ನೀರಿನ ದಾರಿ ಇರುವಲ್ಲಿ ಹೆಡ್ಡಿನಲ್ಲಿ ಗಟ್ಟಿ ಲೋಹ. ನೀರು ಮುಂದಿನಿಂದಲೇ ಮೇಲೇರಿ ವಾಪಸ್ಸು ಹೊರಟುಬಿಡುತ್ತಿತ್ತು. ಬಿಸಿ ತೋರಿಸುವ ಮುಳ್ಳಿನ ತಂತಿಯೂ ಮುಂದಿನ ತುದಿಯಲ್ಲೇ ಇದ್ದುದರಿಂದ ಕೊನೆಯ ಸಿಲಿಂಡರಿನ ಸಂಕಟ ಅದಕ್ಕೂ ಗೊತ್ತಾಗಲಿಲ್ಲ. “ಸಾಲಿನ ಕೊನೇಲಿ ನಿಂತವನ ಹತ್ರ ಬರೋ ಹೊತ್ತಿಗೆ ಪಾತ್ರೆ ಖಾಲಿ. ಪಾಪ, ಅದು ಬಾಯಿ ಬಿಟ್ಟು ಕೇಳೋದಾದ್ರೂ ಹೇಗೆ?” ಎನ್ನುತ್ತಾರೆ. ಲೋಹ ದಪ್ಪವಿರುವ ಜಾಗ ಹುಡುಕಿ ಹೆಡ್ಡಿನಲ್ಲಿ ಎರಡು ಹೊಸ ದಾರಿ ಕೊರೆದರು. ಮುಂದಿನ ರಂಧ್ರಗಳನ್ನು ಕಿರಿದು ಮಾಡಿದರು, ನೀರು ಹಿಂದಿನವರೆಗೂ ಹೋಗಲೇಬೇಕಾಗುವ ಹಾಗೆ. ಗೀರು ಬಿದ್ದ ಗೋಡೆಯ ಒಳಗೆ ಹೊಸ ಸ್ಲೀವ್, ಅಂದರೆ ಲೋಹದ ಕೊಳವೆ, ಇಳಿಸಿದರು.

ಇವತ್ತು ಗುಡ್ಡದ ಓಟ.

ಬಿಸಿಲು ಚುರುಕಾಗುವ ಹೊತ್ತಿಗೆ ಕಾರುಗಳು ಬುಡದಲ್ಲಿ ಸಾಲಾಗಿವೆ. ವಾಲ್ವಕ್ಕ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಇಳಿಸಿದ್ದಾರೆ, ಸದ್ದು ಕೇಳಿಸಿಕೊಳ್ಳಲು. ಸ್ಟಿಯರಿಂಗ್ ಹಿಡಿದ ಕನ್ನಡಕದವರ ಹಣೆಯಲ್ಲಿ ಆಗಲೇ ಬೆವರು. ಓಟ ಶುರುವಾಗಿ, ಹೋದ ವರ್ಷ ಕಾರು ನಿಂತುಹೋದ ತಿರುವು ಹತ್ತಿರವಾದಂತೆ ಆಕ್ಸಿಲರೇಟರಿನ ಮೇಲಿನ ಅವರ ಕಾಲು ತಾನಾಗಿ ಸಡಿಲವಾಗುತ್ತದೆ.

“ಒತ್ತಿ ಸಾರ್,” ಎನ್ನುತ್ತಾರೆ ವಾಲ್ವಕ್ಕ.

ಬೇಡ ಅಕ್ಕ, ಕುದ್ದುಬಿಟ್ಟರೆ ಎಂದು ಅವರು ತಡವರಿಸುತ್ತಾರೆ.

“ಅದಕ್ಕೆ ನೀರು ಮುಟ್ಟಿಸೋದು ನನ್ನ ಕೆಲ್ಸ, ಮುಟ್ಸಿದೀನಿ. ಒತ್ತೋದು ನಿಮ್ಮದು. ಒತ್ತಿ.”

ಒತ್ತುತ್ತಾರೆ. ಇಂಜಿನ್ನಿನ ದನಿ ಏರುತ್ತದೆ. ಒರಟಾಗುವುದಿಲ್ಲ, ಟೊಂಕ ಕಟ್ಟಿದವರ ಹಾಗೆ ಗಟ್ಟಿಯಾಗುತ್ತದೆ. ಆರೂ ಒಂದೇ ಉಸಿರಿನಲ್ಲಿ ಎಳೆಯುತ್ತವೆ. ತಿರುವು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಮುಂದೆ ಹೋಗುತ್ತಿದ್ದ ಚಿಕ್ಕಮ್ಮನ ಹಿಂಬದಿ ದೊಡ್ಡದಾಗುತ್ತಾ ಬಂದು ಪಕ್ಕಕ್ಕೆ ಸರಿಯುತ್ತದೆ. ಕನ್ನಡಕದವರ ಕೈ ಹಾರ್ನಿನತ್ತ ಹೋಗುತ್ತದೆ. ವಾಲ್ವಕ್ಕ ತಲೆ ಅಲ್ಲಾಡಿಸಿ ಬೇಡವೆನ್ನುತ್ತಾರೆ. ಅವರು ಹೊಡೆದೇಬಿಡುತ್ತಾರೆ.

ತುದಿಯಲ್ಲಿ ಬಾನೆಟ್ ಎತ್ತಿ, ವಾಲ್ವಕ್ಕ ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ ಇಂಜಿನ್ನಿನ ಮುಂದಿನ ತುದಿಗೊಂದು ಹನಿ, ಹಿಂದಿನ ತುದಿಗೊಂದು ಹನಿ ಚಿಮುಕಿಸುತ್ತಾರೆ. ಚುಂಯ್ ಎನ್ನುವುದಿಲ್ಲ. ಎರಡೂ ಹನಿ ಒಂದೇ ಹದದಲ್ಲಿ ನಿಧಾನವಾಗಿ ಆರುತ್ತವೆ, ಅಂದರೆ ಎರಡೂ ತುದಿಯ ಬಿಸಿ ಒಂದೇ. ಅಷ್ಟರಲ್ಲಿ ಮೀಸೆ ಬಂದು ಇಳಿಯುತ್ತಾರೆ, ಮುಖದಲ್ಲಿ ಬೆಳ್ಳಗೆ ಧೂಳು.

“ದಾರಿ ಪೂರ್ತಿ ದೊಡ್ಡಮ್ಮನ ಧೂಳೇ ಕುಡ್ಕೊಂಡು ಬಂದೆ ಕಣಮ್ಮಾ. ನಮ್ಮ ಚಿಕ್ಕಮ್ಮನ್ನೂ ಒಂದ್ಸಲ ಬಿಚ್ಚಿ ನೋಡ್ಬಿಡಿ,” ಎನ್ನುತ್ತಾರೆ. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಾರೆ. ವಾಲ್ವಕ್ಕ ಬುಧವಾರ ತರಲು ಹೇಳುತ್ತಾರೆ.

ಕನ್ನಡಕದವರು ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆಯುತ್ತಾರೆ. ಈ ಇಂಜಿನ್ ನಾನಿರೋವರೆಗೂ ಈ ಕಾರು ಬಿಟ್ಟು ಇಳಿಯಲ್ಲ ಎಂದು ಕೊನೆಗೆ ಹೇಳುತ್ತಾರೆ. ನಿಮಗೇನು ಬೇಕು ಕೇಳಿ ಅಕ್ಕ ಎನ್ನುತ್ತಾರೆ.

ವಾಲ್ವಕ್ಕ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಾನೆಟ್ ಮುಚ್ಚುತ್ತಾರೆ. ಗಂಡ ಬಸ್ಸಿನ ಡಿಪೊದ ಬಯಲಿನಲ್ಲಿ ಡ್ರೈವಿಂಗ್ ಕಲಿಸಿದ್ದಾರೆ, ಲೈಸೆನ್ಸೂ ಇದೆ. ಆದರೆ ತಾವೇ ಕಟ್ಟಿದ ಯಾವ ಕಾರನ್ನೂ ವರ್ಕ್‌ಶಾಪಿನ ಗೇಟಿನಿಂದಾಚೆ ಓಡಿಸಿದವರಲ್ಲ.

“ಕೀ ಕೊಡಿ,” ಎನ್ನುತ್ತಾರೆ.

ಇಳಿಜಾರಿನಲ್ಲಿ ಹುಷಾರಾಗಿ ಇಳಿಸಿ, ನಾನೂ ಪಕ್ಕದಲ್ಲಿ ಕೂರ್ತೀನಿ ಎಂದು ಕನ್ನಡಕದವರು ಬಾಗಿಲು ತೆರೆದು ಹಿಡಿಯುತ್ತಾರೆ. ವಾಲ್ವಕ್ಕ ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಡುತ್ತಾರೆ.

“ಇಳಿಸೋಕೇನು ಸಾರ್, ಕಲ್ಲೂ ಇಳಿಯತ್ತೆ. ನಾನು ಕೆಳಗೆ ಹೋಗೋದು ಇನ್ನೊಂದ್ಸಲ ಹತ್ತಿಸೋಕೆ.”