ಹೆಸರು ಕೂಗಿ ಎತ್ತಿದ ಸಾರಿನ ಪಾತ್ರೆ

ಎಡಗಡೆ ನೆಲಕ್ಕೆ ತಾಗಿದ ಚೆಂಡು ಈಗ ಬಲಕ್ಕೆ ಬರಬೇಕು. ಶಾಲೆಯ ಜಗುಲಿಯಲ್ಲಿ ಗೋಣಿಚೀಲ ಹಾಸಿ ಕುಳಿತ ಓಬಮ್ಮ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲು ಮಡಿಸಿ, ಪಾದಗಳನ್ನು ನೆಲದಿಂದ ಗೇಣುದ್ದ ಎತ್ತಿದ್ದಾರೆ. ಸೀರೆಯೊಳಗೆ ಮಗನ ಹಳೆಯ ಟ್ರ್ಯಾಕ್ ಪ್ಯಾಂಟು. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊಟ್ಟೆ ನಡುಗುತ್ತಿದೆ. ಚೆಂಡು ಬಲಕ್ಕೆ ತಾಗುತ್ತಲೇ ಒಳಗಿನ ಹುಣಸೆ ಬೀಜಗಳು ಜರ್ರೆನ್ನುತ್ತವೆ.

"ಲೇ ಓಬಿ, ನಲ್ಲಿ ಬಂತು. ನೀರು ತುಂಬ್ಲೋ, ನಿನ್ನ ಆಟ ನೋಡ್ಕಂಡು ಕೂತ್ಕಳ್ಲೋ?" ಜೊತೆಯ ಅಡುಗೆಯವರಾದ ಅಂಬಮ್ಮ ಕೇಳುತ್ತಾರೆ.

"ಎಲ್ಡೂ ಮಾಡು," ಎನ್ನುತ್ತಾರೆ ಓಬಮ್ಮ, ಪಾದ ಇಳಿಸದೆ.

ಹಿರೇನಲ್ಲೂರಿನ ಆಚೆಗಿನ ಈ ಸರ್ಕಾರಿ ಶಾಲೆಯಲ್ಲಿ ದಿನವೂ ನೂರಿಪ್ಪತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸುವವರು ಈ ಇಬ್ಬರು. ಹೋದ ವರ್ಷ ಸಾರಿನ ಪಾತ್ರೆ ಇಳಿಸುವಾಗ ಓಬಮ್ಮನ ಸೊಂಟ ಹಿಡಿದುಕೊಂಡಿತು. ಬಗ್ಗಿದವರು ಬಗ್ಗಿದಂತೆಯೇ ಮನೆಗೆ ಹೋದರು. ಆಮೇಲೆ ಅವರ ಪಾಲಿಗೆ ಉಳಿದದ್ದು ತರಕಾರಿ ಹೆಚ್ಚುವ ಕೆಲಸ. ಪಾತ್ರೆಯ ಇನ್ನೊಂದು ಹಿಡಿಗೆ ಅಂಬಮ್ಮ ಬೇರೆ ಯಾರನ್ನಾದರೂ ಕರೆಯಬೇಕು.

"ಗೌರಿಹಬ್ಬದವರ್ಗೂ ನೋಡಣ ಕಣಮ್ಮ," ಎಂದಿದ್ದರು ಮುಖ್ಯ ಶಿಕ್ಷಕ ಚಂದ್ರಶೇಖರ. "ಆಮೇಲೂ ಎತ್ತಕ್ಕಾಗ್ದಿದ್ರೆ ಬೇರೆಯೋರ್ನ ಹಾಕ್ಕಬೇಕಾಯ್ತದೆ."

ಆ ರಾತ್ರಿ ಓಬಮ್ಮನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಅವರನ್ನು ಯಾರೂ ಕುಳ್ಳಿರಿಸಿ ಮಾತನಾಡಿಸುವುದಿಲ್ಲ. ಇಲ್ಲಿ ನೂರಿಪ್ಪತ್ತು ತಟ್ಟೆಗಳು ಅವರಿಗಾಗಿ ಕಾಯುತ್ತವೆ.

ನೋವು ಇಳಿದು, ಡಾಕ್ಟರೂ ಒಪ್ಪಿದ ಮೇಲೆ ದೈಹಿಕ ಶಿಕ್ಷಕಿ ಶರ್ಮಿಳಾ ದಾರಿ ತೋರಿದರು: ಸೊಂಟಕ್ಕೆ ಎಣ್ಣೆ ತಿಕ್ಕಿದ್ದು ಸಾಕು, ತೂಕದ ಚೆಂಡು ಹಿಡಿದು ಹೊಟ್ಟೆ ಗಟ್ಟಿ ಮಾಡಿಕೊಳ್ಳಿ. ಚೆಂಡು ಎಲ್ಲಿಂದ ತರುವುದು? ಗಾಳಿ ನಿಲ್ಲದ ವಾಲಿಬಾಲ್ ಸೀಳಿ ಓಬಮ್ಮ ಮರಳು ತುಂಬಿದರು. ಹೊಲಿಗೆಯಲ್ಲಿ ಸೋರಿ ಕಣ್ಣಿಗೆ ಬಿತ್ತು. ರಾಗಿ ತುಂಬಿದರು, ಇಲಿ ಬಂತು. ಕೊನೆಗೆ ಹುಣಸೆ ಬೀಜ ತುಂಬಿ ದಬ್ಬಣದಿಂದ ಹೊಲಿದರು. ಮೂರು ಕೆಜಿ ತೂಗಿತು.

ಆದರೆ ತೂಕಕ್ಕಿಂತ ಕಷ್ಟವಾದದ್ದು ಉಸಿರು. ಬಿಂದಿಗೆ ಎತ್ತುವಾಗ ದಮ್ಮು ಕಟ್ಟುವುದು ಚಿಕ್ಕಂದಿನ ರೂಢಿ. ಮೇಡಂ ಎಷ್ಟು ಹೇಳಿದರೂ ಎತ್ತುವಾಗ ಉಸಿರು ಬಿಡುವುದು ಮರೆತೇ ಹೋಗುತ್ತಿತ್ತು.

"ಯಾರ್ದಾರ ಹೆಸ್ರು ಕೂಗು, ಉಸ್ರು ತಾನಾಗೇ ಹೋಗ್ತದೆ," ಎಂದರು ಅಂಬಮ್ಮ. "ಗಂಡನ ಹೆಸ್ರೇ ಕೂಗು, ಕೋಪಾನೂ ಜೊತ್ಗೇ ಹೋಗ್ಲಿ."

"ಅದೊಂದು ನನ್ ಕೈಲಾಗಲ್ಲ ಕಣೇ."

ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವರ ಬಾಯಲ್ಲಿ ಗಂಡ ಬರೀ 'ನಮ್ಮೋರು'. ಹಾಗಾಗಿ ಚೆಂಡನ್ನು ಗೋಡೆಗೆ ಎಸೆಯುವಾಗಲೆಲ್ಲ ಓಬಮ್ಮ 'ಬದ್ನೇಕಾಯಿ' ಎನ್ನುತ್ತಾರೆ.

ಇವತ್ತು ಗೌರಿಹಬ್ಬದ ರಜೆಗೆ ಮುಂಚಿನ ಕೊನೆಯ ದಿನ. ಮಧ್ಯಾಹ್ನ ಸಾರು ಕುದಿದಾಗ ಚಂದ್ರಶೇಖರ ಮೇಷ್ಟ್ರು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಬ್ಬಕ್ಕೆ ಶಾಲೆಗೆಂದು ತೆಂಗಿನಕಾಯಿ ತಂದ ಓಬಮ್ಮನ ಗಂಡ ಬೀರಪ್ಪ ಹೊರಗೆ ಚೀಲ ಇಳಿಸುತ್ತಿದ್ದಾರೆ. ಅಂಬಮ್ಮ ಒಂದು ಹಿಡಿ, ಓಬಮ್ಮ ಇನ್ನೊಂದು. ಹೊಟ್ಟೆ ಬಿಗಿಯುತ್ತದೆ, ಪಾತ್ರೆ ಏಳುತ್ತದೆ. ಅರ್ಧದಲ್ಲೇ ದಮ್ಮು ಕಟ್ಟುತ್ತದೆ. ಏನಾದರೂ ಕೂಗಲೇಬೇಕು. ಬದನೆಕಾಯಿ ನೆನಪಿಗೆ ಬರುವುದಿಲ್ಲ.

"ಬೀರಪ್ಪಾ!"

ಪಾತ್ರೆ ನೆಲ ಮುಟ್ಟುತ್ತದೆ, ಒಂದು ಹನಿಯೂ ಚೆಲ್ಲದೆ.

"ಏನೇ?" ಗಾಬರಿಯಿಂದ ಓಡಿ ಬರುತ್ತಾರೆ ಬೀರಪ್ಪ.

"ನಿಮ್ಮುನ್ನ ಕರೀಲಿಲ್ಲ ಕಣ್ರೀ, ಸಾರು ಇಳಿಸಿದ್ಲು," ಎಂದು ಅಂಬಮ್ಮ ನಗುತ್ತಾ ಅಲ್ಲೇ ಕುಸಿಯುತ್ತಾರೆ. ಮೇಷ್ಟ್ರು ಕೆಮ್ಮಿ, "ಹಬ್ಬ ಮುಗಿಸ್ಕಂಡು ಬೇಗ ಬಾರಮ್ಮ," ಎಂದು ಹೊರಡುತ್ತಾರೆ.

ಅಷ್ಟರಲ್ಲಿ ಬಂದ ಶರ್ಮಿಳಾ, "ಕಡೂರಲ್ಲಿ ದಸರಾ ಕ್ರೀಡಾಕೂಟಕ್ಕೆ ಹೆಸರು ತಗೋತಿದಾರೆ. ಗುಂಡು ಎಸೀತೀರಾ?" ಎಂದು ಕೇಳುತ್ತಾರೆ.

"ಸುಮ್ಕಿರಿ ಮೇಡಂ, ಊರೋರು ನಗ್ತಾರೆ," ಎಂದ ಓಬಮ್ಮ ತುಸು ತಡೆದು ಕೇಳುತ್ತಾರೆ, "ಆ ಗುಂಡು ಎಷ್ಟು ಭಾರ ಇರ್ತದೆ?"

"ನಾಲ್ಕು ಕೆಜಿ."

ಮಕ್ಕಳ ಊಟ ಮುಗಿದ ಮೇಲೆ ಓಬಮ್ಮ ನಲ್ಲಿಯ ಬಳಿ ಒಬ್ಬರೇ ಪಾತ್ರೆ ತಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಬಿದ್ದಿದ್ದ ದುಂಡುಕಲ್ಲೊಂದನ್ನು ಅಂಗೈಯಲ್ಲಿ ತೂಗಿ, ಕುತ್ತಿಗೆಗೆ ಒತ್ತಿ ಹಿಡಿದು, ಆಚೀಚೆ ನೋಡಿ ಕೆಳಗಿಡುತ್ತಾರೆ. ನಾಳೆ ಬೆಳಗಿನ ಬಸ್ಸಿಗೇ ಹೋಗಿ ಹೆಸರು ಕೊಟ್ಟು ಬರುವುದು.

"ಒಬ್ಳೇ ಏನೇ ನಗ್ತಿದೀಯ?" ಒಳಗಿನಿಂದ ಅಂಬಮ್ಮ ಕೇಳುತ್ತಾರೆ.

"ಏನಿಲ್ಲ ಕಣೇ. ನಾಳೆ ಕಡೂರಿಗೆ ಹೋಗ್ಬೇಕು, ಬಳೆ ಇಡಿಸ್ಕಳಕ್ಕೆ."