ಕಂಡವರ ಫೋನ್ ಕೇಳುವ ಹೊನ್ನೂರಸ್ವಾಮಿ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಡಗಲಿ ಕಡೆಯ ಮೊದಲ ಬಸ್ಸಿಗೆ ಕಾದವರು ಚಹಾ ಅಂಗಡಿಯ ಮುಂದೆ ನಿಂತಿದ್ದಾರೆ. ಮಫ್ಲರ್ ಸುತ್ತಿಕೊಂಡ ಹೊನ್ನೂರಸ್ವಾಮಿ ಒಬ್ಬೊಬ್ಬರ ಬಳಿಗೂ ಹೋಗುತ್ತಾರೆ. ‘ಅಣ್ಣಾ, ನಿಮ್ಮ ಫೋನಿನಾಗ ಗೂಗಲ್ ತೆಗೀರಿ. ನನ್ನ ಕೈಗೆ ಕೊಡಬ್ಯಾಡ್ರಿ, ನೀವಾ ಬರೀರಿ: ಹಡಗಲಿ ರಕ್ತದಾನಿಗಳು ಅಂತ.’

ಕೆಲವರು ಜೇಬು ಒತ್ತಿ ಹಿಡಿದು ದೂರ ಸರಿಯುತ್ತಾರೆ. ಕುರಿ ಸಂತೆಗೆ ಹೊರಟ ಹಿರಿಯರೊಬ್ಬರು ಮಾತ್ರ ಕನ್ನಡಕ ಏರಿಸಿ ಹೇಳಿದಂತೆ ಬರೆಯುತ್ತಾರೆ. ‘ನೀ ಅಂದ ತಾಣ ಮೂರನೇದು ಬಂತು ನೋಡಪಾ’ ಅಂದದ್ದೇ ತಡ, ಹೊನ್ನೂರಸ್ವಾಮಿ ಮುಖ ಅರಳಿ ಅವರಿಗೊಂದು ಚಹಾ ಹೇಳುತ್ತಾರೆ.

‘ನನ್ನ ಫೋನಿಗೆ ನಾನಂದ್ರ ಪ್ರೀತಿರಿ. ದಿನಾ ಅದನ್ನಾ ಹುಡುಕ್ತೀನಲ್ಲ, ನನಗ ಮೊದ್ಲಿಗೇ ತೋರಿಸ್ತೈತಿ. ಖರೇ ಗೊತ್ತಾಗಬೇಕಂದ್ರ ಮಂದಿ ಫೋನ್ ಬೇಕು’ ಎಂದು ನಗುತ್ತಾರೆ.

ಯಾರೋ ಎಂದೋ ಉತ್ಸಾಹದಲ್ಲಿ ಮಾಡಿಸಿ ಮರೆತುಬಿಟ್ಟ ಜಾಲತಾಣಗಳನ್ನು ಹುಡುಕಾಟದಲ್ಲಿ ಮತ್ತೆ ಮೇಲಕ್ಕೆ ತರುವುದೇ ಇವರ ಕಸುಬು. ಕೊಟ್ಟೂರಿನ ಲಾಡ್ಜು, ಹಗರಿಬೊಮ್ಮನಹಳ್ಳಿಯ ಬೋರ್‌ವೆಲ್ ಅಂಗಡಿ, ಹರಪನಹಳ್ಳಿಯ ಡ್ರೈವಿಂಗ್ ಶಾಲೆ, ಎಲ್ಲರೂ ಇವರ ಗಿರಾಕಿಗಳೇ. ಮೊದಲು ಫ್ಲೆಕ್ಸ್ ಅಂಗಡಿಯಲ್ಲಿದ್ದರು. ಲಾಕ್‌ಡೌನಿನಲ್ಲಿ ಮದುವೆ, ಜಯಂತಿಗಳು ನಿಂತು ಅಂಗಡಿಗೆ ಬೀಗ ಬಿದ್ದಾಗ ವಿಡಿಯೊ ನೋಡಿ ನೋಡಿಯೇ ಇದನ್ನು ಕಲಿತರು. ತಾಯಿ ದುರುಗಮ್ಮನ ಚಿಂತೆಯೇ ಬೇರೆ: ‘ಹೆಣ್ಣು ಕೊಡೋರು ಮಗಾ ಏನ್ ಮಾಡ್ತಾನ ಅಂತಾರ. ಕಣ್ಣಿಗೆ ಕಾಣದ ಕೆಲಸ, ಏನಂತ ಹೇಳ್ಲಿ?’

ರಕ್ತದಾನಿಗಳ ತಾಣಕ್ಕೆ ಮಾತ್ರ ಅವರು ಕೂಲಿ ಕೇಳುವುದಿಲ್ಲ. ಹಡಗಲಿಯ ಗೆಳೆಯರ ಬಳಗವೊಂದು ಬಹಳ ಹಿಂದೆ ಮಾಡಿ ಕೈಬಿಟ್ಟದ್ದದು. ಹಳೆಯದಾದ್ದರಿಂದ ಅದಕ್ಕೆ ಒಳ್ಳೆಯ ಬುಡವಿತ್ತು. ಕಾಲೇಜುಗಳು, ಪತ್ರಿಕೆಗಳು ತಮ್ಮ ಪುಟಗಳಲ್ಲಿ ಅದರ ಕೊಂಡಿ ಕೊಟ್ಟಿದ್ದವು. ಹೋದ ವರ್ಷ ಹೊನ್ನೂರಸ್ವಾಮಿ ಹಗಲಿರುಳು ಕೂತು ಅದನ್ನು ಎಲ್ಲಕ್ಕಿಂತ ಮೇಲೆ ತಂದರು. ಆದರೆ ಒಳಗಿದ್ದ ಫೋನ್ ನಂಬರುಗಳನ್ನು ಮುಟ್ಟಲಿಲ್ಲ. ಹಳೆಯ ಪುಟ ಕೆದಕಿದರೆ ಏರಿದ್ದು ಇಳಿದೀತೆಂಬ ಭಯ. ಅದೇ ತಪ್ಪಾಯಿತು.

ತಾಣ ಮೇಲೇರಿದ ಕೆಲವೇ ದಿನಗಳಲ್ಲಿ ಹಲವಾಗಲು ಗ್ರಾಮದ ನಾಗಲಿಂಗಮ್ಮನ ಮನೆಯ ಫೋನ್ ಬಡಿದುಕೊಳ್ಳತೊಡಗಿತು. ಕರೆ ಮಾಡಿದವರೆಲ್ಲ ಕೇಳುತ್ತಿದ್ದದ್ದು ಆಕೆಯ ಗಂಡ ಗಂಗಾಧರ್ ಅವರನ್ನು. ಅವರದು ಅಪರೂಪದ ಗುಂಪಿನ ರಕ್ತ. ಅವರು ತೀರಿಕೊಂಡದ್ದು ತಾಣಕ್ಕೆ ಗೊತ್ತಿರಲಿಲ್ಲ. ಹೆರಿಗೆ ಕೋಣೆಯ ಹೊರಗಿನಿಂದ ಒಬ್ಬಾತ ‘ಅಮ್ಮಾ, ಅವರನ್ನ ಕಳಿಸ್ರಿ’ ಎಂದು ಅತ್ತನಂತೆ. ಪುಣ್ಯಕ್ಕೆ ಬೇರೆಡೆ ರಕ್ತ ಸಿಕ್ಕಿ ತಾಯಿ, ಮಗು ಉಳಿದರು. ಆದರೂ ಗಂಡ ಇಲ್ಲವೆಂದು ಆ ಹೆಣ್ಣುಮಗಳು ಅಪರಿಚಿತರಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ಕೊನೆಗೆ ಆಕೆ ತಾಣದ ಉಸ್ತುವಾರಿಗೆಂದು ಹೊನ್ನೂರಸ್ವಾಮಿ ಹಾಕಿಕೊಂಡಿದ್ದ ನಂಬರಿಗೇ ಫೋನ್ ಹಚ್ಚಿದರು: ‘ಸತ್ತೋರನ್ನ ಎಷ್ಟು ಸಲ ಕರಿಸ್ತೀಯಪ್ಪಾ?’

ಇವರು ಅಂದೇ ಬಸ್ ಹತ್ತಿದರು. ಹೊಸ್ತಿಲಲ್ಲೇ ನಿಂತು ತಪ್ಪಾಯಿತು ಎಂದರು, ನಂಬರ್ ಈಗಲೇ ತೆಗೆಯುವೆ ಎಂದರು. ನಾಗಲಿಂಗಮ್ಮ ಒಳಗೆ ಕರೆದು ನೀರು ಕೊಟ್ಟರು. ‘ಹೆಸರು ತೆಗಿ ತಮ್ಮಾ. ನಂಬರ್ ಇರ್ಲಿ, ಅದರ ಮುಂದ ನನ್ನ ಹೆಸರು ಹಾಕು. ನನ್ನ ರಕ್ತ ಯಾವುದು ಅಂತ ಮೊದ್ಲು ನೋಡಿಸ್ಕೊಂಡು ಬರ್ತೀನಿ.’

ಪರೀಕ್ಷೆ ಮಾಡಿಸಿದಾಗ ಗಂಡನ ಗುಂಪಲ್ಲ, ಬಿ ಪಾಸಿಟಿವ್ ಎಂದು ತಿಳಿಯಿತು. ಆಮೇಲೆ ಆಕೆ ಹರಪನಹಳ್ಳಿಗೆ ಹೋಗಿ ರಕ್ತ ಕೊಟ್ಟೂ ಬಂದಿದ್ದಾರೆ.

ಈಗ ಹೊನ್ನೂರಸ್ವಾಮಿ ಯಾವ ಹಳೆಯ ತಾಣಕ್ಕೆ ಕೈ ಹಾಕಿದರೂ ಮೊದಲು ಅದರೊಳಗಿನ ನಂಬರುಗಳಿಗೆಲ್ಲ ಕರೆ ಮಾಡುತ್ತಾರೆ. ರಕ್ತದಾನಿಗಳ ಪುಟವನ್ನೂ ಬುಡದಿಂದ ತಿದ್ದಿದ್ದಾರೆ. ಹೆದರಿದ್ದಂತೆಯೇ ತಾಣ ಜರ್ರನೆ ಇಳಿಯಿತು. ಈಗ ಮೆಲ್ಲಗೆ ಏರುತ್ತಿದೆ.

ಬಸ್ಸು ಬಂದು ಜನ ಹತ್ತತೊಡಗುತ್ತಾರೆ. ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ ಎಂದರೆ ಹೊನ್ನೂರಸ್ವಾಮಿ ಹೇಳುವುದಿಷ್ಟು:

‘ಇದನ್ನ ಹುಡುಕೋ ಹೊತ್ತು ಯಾರಿಗೂ ಬರಬಾರ್ದ್ರಿ. ಬಂತಂದ್ರ ಮೊದ್ಲು ಇದಾ ಸಿಗಬೇಕು. ಸಿಕ್ಕಮ್ಯಾಲೆ, ಆ ಕಡಿಯಿಂದ ಯಾರರ ಹಲೋ ಅನ್ನಬೇಕು.’